ಹಾಲಿನ ಹೊತ್ತು

ಕೊಯ್ಲು ಮುಗಿದು ಹೊಲಗಳು ಬೋಳಾಗಿದ್ದವು. ಬೆಳಗಿನ ಮಂಜು ಕೂಳೆಗಳ ಮೇಲೆ ಇನ್ನೂ ಕೂತಿತ್ತು. ಊರಂಚಿನ ಆ ಮನೆಯ ಹಿತ್ತಲಲ್ಲಿ ಬಣವೆ ಒಟ್ಟಿಯಾಗಿತ್ತು. ಕೋಳಿಗಳು ಅದರ ಬುಡ ಕೆದರುತ್ತಿದ್ದವು. ಅಡುಗೆಮನೆಯ ಹೊಸ್ತಿಲಲ್ಲಿ ಮುದುಕಿ ಮೊರದ ತುಂಬ ಕಾಳು ಹಾಕಿಕೊಂಡು ಕೂತಿದ್ದಳು. ಕಲ್ಲು, ಹುಳುಕುಗಳನ್ನು ಬೆರಳಲ್ಲೇ ಹುಡುಕಿ ಪಕ್ಕಕ್ಕೆ ಎಸೆಯುತ್ತಿದ್ದಳು. ಅವಳ ಎಡಗಣ್ಣು ಹಿಂದಿನ ವರ್ಷವೇ ಹೋಗಿತ್ತು. ಬಲಗಣ್ಣಿನಲ್ಲಿ ನಡುವೆ ಒಂದಿಷ್ಟು ಕಾಣುತ್ತಿತ್ತು, ಬಾಗಿಲ ಸಂದಿಯಿಂದ ಬೀದಿ ನೋಡಿದಷ್ಟು.

ಒಳಗೆ ಊಟದ ಮೇಜಿನ ಮೇಲೆ ಮಗನ ಕೆಲಸ ಆಗಲೇ ಶುರುವಾಗಿತ್ತು.

"ಪರದೆ ಮೇಲೆ ಏನು ಕಾಣ್ತಿದೆ, ಹೇಳಿ."

"ಏನೂ ಇಲ್ಲ ಸಾರ್."

"ಏನೂ ಇಲ್ಲ ಅಂದ್ರೆ? ಕಪ್ಪಗಿದೆಯಾ, ನೀಲಿ ಇದೆಯಾ? ಎಡಗಡೆ ಮೇಲಿನ ಮೂಲೆಯಿಂದ ಶುರು ಮಾಡಿ. ಏನೇನಿದೆ ಒಂದೊಂದಾಗಿ ಹೇಳ್ತಾ ಬನ್ನಿ."

ಫೋನಿನಲ್ಲಿ ದೊಡ್ಡದೊಂದು ಸೀನು ಕೇಳಿಸಿತು.

"ನೆಗಡಿಯಣ್ಣ," ಎಂದಳು ಮುದುಕಿ ಹೊಸ್ತಿಲಿಂದಲೇ. "ಪಾಪ, ಅವನ ಮೂಗು ಸರಿಮಾಡೋ ಮೊದಲು. ಯಂತ್ರ ಆಮೇಲೆ."

ಮಗ ದುಡಿಯುತ್ತಿದ್ದುದು ಹಾಲಿನ ಕಂಪನಿಯೊಂದರ ಕಂಪ್ಯೂಟರ್ ವಿಭಾಗದಲ್ಲಿ. ಸುತ್ತಲ ಹಳ್ಳಿಗಳ ಹಾಲು ಕೇಂದ್ರಗಳಲ್ಲಿ ತಕ್ಕಡಿ, ಹಾಲು ಪರೀಕ್ಷಿಸುವ ಯಂತ್ರ ಎಲ್ಲವೂ ಕಂಪ್ಯೂಟರಿಗೆ ಕಟ್ಟಿಕೊಂಡಿದ್ದವು. ಅದು ಮುನಿಸಿಕೊಂಡರೆ ಹಾಲು ಅಳೆಯುವಂತಿಲ್ಲ. ಕ್ಯಾನು ಹಿಡಿದವರು ಬೀದಿಯುದ್ದಕ್ಕೂ ನಿಲ್ಲುತ್ತಾರೆ. ಆಗ ಕೇಂದ್ರದವರು ಮಾಡುವುದು ಇವನಿಗೆ ಫೋನು. ಹಾಲು ಬರುವುದು ದಿನಕ್ಕೆ ಎರಡು ಸಲ, ಹೊತ್ತು ಮೂಡುವಾಗ ಮತ್ತು ಹೊತ್ತು ಮುಳುಗುವಾಗ. ಆ ಎರಡು ಹೊತ್ತೂ ಅವನು ಮನೆಯಿಂದಲೇ ಫೋನಿಗೆ ಕೂರಬೇಕು.

"ಹಿಂದಿನ ವಯರ್ ಕಿತ್ತು, ಸ್ವಲ್ಪ ತಡೆದು, ಮತ್ತೆ ಹಾಕಿ."

"ಆಯ್ತು ಸಾರ್, ಹಾಕ್ದೆ."

"ಹಾಕಲಿಲ್ಲ. ಎದ್ದು ಹೋಗಿ ನಿಜವಾಗ್ಲೂ ಕೀಳಿ." ಫೋನಿಗೆ ಕೈ ಅಡ್ಡ ಹಿಡಿದು, ಎದುರಿಗೆ ಗಂಜಿ ಕುಡಿಯುತ್ತಿದ್ದ ಮಗಳಿಗೆ ಹೇಳಿದ: "ಬೇಗ ಆಯ್ತು ಅಂದ್ರೆ ಕೈಯೇ ಹಾಕಿಲ್ಲ ಅಂತ ತಿಳ್ಕೊ. ನಿಜವಾಗಿ ಮಾಡಿದವನು ಸ್ವಲ್ಪ ತಡೆದು ಹೇಳ್ತಾನೆ."

"ನಮ್ಮ ಮೇಡಮ್ಮೂ ಹೋಂವರ್ಕ್ ವಿಷಯಕ್ಕೆ ಅದನ್ನೇ ಹೇಳೋದು," ಎಂದಳು ಮಗಳು.

ಸೊಸೆ ಬಟ್ಟಲು ತೊಳೆದಿಟ್ಟು, ಕೈ ಒರೆಸಿಕೊಂಡು, ಅತ್ತೆಯ ಗಲ್ಲ ಮೇಲಕ್ಕೆತ್ತಿ ಬಲಗಣ್ಣಿಗೆ ಒಂದು ಹನಿ ಔಷಧಿ ಬಿಟ್ಟಳು. ಅವಳದು ತರಕಾರಿ ಪ್ಯಾಕ್ ಮಾಡುವ ಶೆಡ್ಡಿನಲ್ಲಿ ಕೆಲಸ. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವುದು.

"ಸಂಜೆದು ನೀವೇ ಹಾಕ್ಬೇಕು. ಮರೀಬೇಡಿ," ಎಂದಳು ಗಂಡನಿಗೆ.

"ಮರೆತಿದ್ದೀನಾ ಯಾವತ್ತಾದ್ರೂ?"

"ಬಚ್ಚಲಿಗೆ ಹಿಡಿಕೆ ಕೂರಿಸೋದು ಮರೆತಿರಲ್ಲ. ಕಬ್ಬಿಣ ತಂದು ಮೂಲೆಗಿಟ್ಟು ತುಕ್ಕು ಹಿಡೀತಾ ಇದೆ. ಅತ್ತೆ ಒಂದಿನ ಜಾರಿ ಬಿದ್ರೆ ಅದನ್ನೂ ಫೋಟೋ ತೆಗೀರಿ."

ಕಿಟಕಿಯ ಆಚೆ ಸೂರ್ಯ ಬಣವೆಯ ನೆತ್ತಿಗೆ ಬಂದಿದ್ದ. ಮಂಜು ಹೊನ್ನಿನ ಬಣ್ಣಕ್ಕೆ ತಿರುಗಿತ್ತು, ಕೂಳೆಗಳ ನೆರಳು ಗೆರೆ ಎಳೆದಂತೆ ಉದ್ದುದ್ದ ಬಿದ್ದಿತ್ತು. ಗೋಡೆಯ ಮೊಳೆಯಲ್ಲಿ ಕ್ಯಾಮೆರಾ ನೇತಾಡುತ್ತಿತ್ತು. ಅವನು ಒಮ್ಮೆ ಅದನ್ನು ನೋಡಿ, ಒಮ್ಮೆ ಕಿಟಕಿಯನ್ನು ನೋಡಿದ. ಅಷ್ಟರಲ್ಲಿ ಇನ್ನೊಂದು ಕೇಂದ್ರದ ಫೋನು ಬಂತು. ಅದು ಮುಗಿಯುವ ವೇಳೆಗೆ ಹೊರಗೆ ಬರೀ ಬಿಸಿಲಿತ್ತು.

ಮೊದಲು ಹೀಗಿರಲಿಲ್ಲ. ಜೊತೆಗೊಬ್ಬ ಕೆಲಸದವನಿದ್ದ, ಇಬ್ಬರೂ ಪಾಳಿ ಹಂಚಿಕೊಳ್ಳುತ್ತಿದ್ದರು. ತನ್ನ ಬಿಡುವಿನ ದಿನ ಇವನು ನಸುಕಿನಲ್ಲೇ ಕ್ಯಾಮೆರಾ ಹೆಗಲಿಗೆ ಹಾಕಿ ಹೊರಟರೆ, ಕಾಲುವೆ ದಂಡೆ, ಇಟ್ಟಿಗೆ ಗೂಡು, ಹಳೇ ರೈಲು ಹಳಿ ಎಂದು ಸುತ್ತಿ, ಹೊಟ್ಟೆ ಹಸಿದಾಗ ಮನೆಗೆ ಬರುತ್ತಿದ್ದ. ಕಾಲಿಗೆ ಕೆಸರು, ಮುಖಕ್ಕೆ ಕಳೆ. ಸೊಸೆ ಗೊಣಗುತ್ತಿದ್ದಳು, ಆದರೆ ಆ ದಿನ ಅವನು ಮನೆಯಲ್ಲಿ ಯಾರ ಮೇಲೂ ಸಿಡುಕುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಜೊತೆಯವನು ಕೆಲಸ ಬಿಟ್ಟುಹೋದ ಮೇಲೆ ಕಂಪನಿ ಬೇರೊಬ್ಬನನ್ನು ತೆಗೆದುಕೊಳ್ಳಲಿಲ್ಲ. "ನೋಡೋಣ, ನೋಡೋಣ" ಎನ್ನುತ್ತಲೇ ಮ್ಯಾನೇಜರು ಸುಗ್ಗಿ ಕಳೆದರು. ವಾರದ ಬಿಡುವು ಹೋಯಿತು. ಉಳಿದದ್ದು ನಡು ಮಧ್ಯಾಹ್ನ. ಆ ಬಿಸಿಲಲ್ಲಿ ಅವನು ನಡೆಯುತ್ತಿದ್ದ, ಕ್ಯಾಮೆರಾ ಮಾತ್ರ ಚೀಲದಿಂದ ತೆಗೆಯುತ್ತಿರಲಿಲ್ಲ.

"ಯಾಕಪ್ಪಾ, ಮಧ್ಯಾಹ್ನ ಫೋಟೋ ಬರಲ್ವಾ?" ಎಂದು ಮಗಳು ಕೇಳಿದರೆ, "ಬರುತ್ತೆ. ಎಲ್ಲಾ ಸತ್ತ ಹಾಗೆ ಬರುತ್ತೆ," ಎನ್ನುತ್ತಿದ್ದ.

ಸಂಜೆಯ ಹನಿಯೂ ಹಾಲಿನ ಹೊತ್ತಿಗೇ ಬೀಳಬೇಕಿತ್ತು. ಮೊದಮೊದಲು ಅವನು ಎದ್ದು ಬಂದು ಹಾಕುತ್ತಿದ್ದ. ಫೋನುಗಳು ಹೆಚ್ಚಿದಂತೆ ಕುರ್ಚಿಯಿಂದಲೇ ಹೇಳತೊಡಗಿದ.

"ಅಮ್ಮಾ, ಸೀಸೆ ಕೈಯಲ್ಲಿದೆಯಾ?"

"ಇದೆ."

"ತಲೆ ಹಿಂದಕ್ಕೆ ಹಾಕು. ಕೆಳಗಿನ ರೆಪ್ಪೆ ಎಳಿ. ಸೀಸೆ ನೆಟ್ಟಗೆ ಹಿಡಿದು ಒತ್ತು." ನಡುವೆ ಫೋನಿಗೆ, "ನಿಮಗಲ್ಲ ಸಾರ್, ನೀವು ಹಾಗೇ ಇರಿ. ಅಮ್ಮಾ, ಬಿತ್ತಾ?"

"ಬಿತ್ತು ಕಣೋ."

"ಸರಿ, ಕಣ್ಣು ಮುಚ್ಕೊಂಡಿರು. ಹಾ ಸಾರ್, ಈಗ ಹೇಳಿ, ಏನು ಕಾಣ್ತಿದೆ?"

ಮುದುಕಿ ಕಣ್ಣು ಮುಚ್ಚಿ ಹಾಗೇ ಕೂರುತ್ತಿದ್ದಳು. ಕೆನ್ನೆಯ ಮೇಲಿನ ತೇವವನ್ನು ಶಾಲಿನ ತುದಿಯಿಂದ ಒರೆಸಿಕೊಳ್ಳುತ್ತಿದ್ದಳು.

ಬಣವೆ ಅರ್ಧ ಕರಗಿದ ಮೇಲೆ ಒಂದು ದಿನ ಮಗ ಅವಳನ್ನು ಕಣ್ಣಾಸ್ಪತ್ರೆಗೆ ಕರೆದೊಯ್ದ. ಡಾಕ್ಟರಮ್ಮ ಯಂತ್ರಕ್ಕೆ ಗಲ್ಲ ಊರಿಸಿ ನೋಡಿ, ಇನ್ನೊಮ್ಮೆ ನೋಡಿ, ಕುರ್ಚಿ ಹಿಂದಕ್ಕೆ ಸರಿಸಿದರು.

"ಕಣ್ಣೊಳಗಿನ ಒತ್ತಡ ಏರಿಬಿಟ್ಟಿದೆಯಲ್ಲ. ಔಷಧಿ ಎರಡು ಹೊತ್ತೂ ಬೀಳ್ತಿದೆಯಾ?"

"ಬೀಳ್ತಿದೆ ಮೇಡಂ. ನಾನೇ ನಿಂತು ಹಾಕಿಸ್ತೀನಿ," ಎಂದ ಮಗ.

"ಬಿದ್ರೆ ಹೀಗಾಗಬಾರದು." ಅವರು ಮುದುಕಿಯ ಕಡೆ ತಿರುಗಿದರು. "ಅಮ್ಮಾ, ಹೋದದ್ದು ವಾಪಸ್ ಬರಲ್ಲ. ಇರೋದೂ ತುಂಬಾ ದಿನ ಇರುತ್ತೆ ಅಂತ ನಾನು ಹೇಳಲಾರೆ. ಬೇರೆ ಔಷಧಿ ಬರೀತೀನಿ. ನೋಡಬೇಕು ಅನ್ನೋದೇನಾದ್ರೂ ಇದ್ರೆ ನೋಡ್ಕೊಂಡುಬಿಡಿ."

ಬಸ್ಸಿನಲ್ಲಿ ಮುದುಕಿ ಕಿಟಕಿಗೆ ಮುಖ ಹಚ್ಚಿ, ತಲೆ ಆ ಕಡೆ ಈ ಕಡೆ ತಿರುಗಿಸುತ್ತ, ಉಳಿದ ಸಂದಿಯಲ್ಲಿ ಹೊಲಗಳನ್ನು ತುಂಡುತುಂಡಾಗಿ ನೋಡುತ್ತಿದ್ದಳು.

ಅಂದು ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಬೇಳೆ ಇತ್ತು. ಸೊಸೆ ಬಡಿಸುತ್ತಲೇ ಕೇಳಿದಳು.

"ನಾನು ಬೆಳಿಗ್ಗೆ ಹಾಕಿದ್ದು ನನ್ನ ಕಣ್ಣಾರೆ ಒಳಗೆ ಹೋಗಿದೆ. ಸಂಜೆದು?"

"ಅದೂ ಹೋಗಿದೆ. ಪ್ರತಿದಿನ ಕೇಳ್ತೀನಿ, ಬಿತ್ತು ಅಂತಾಳೆ."

"ಕೇಳ್ತೀರಿ. ನೋಡ್ತೀರಾ?"

"ಅಪ್ಪ ನೋಡಲ್ಲ," ಎಂದಳು ಮಗಳು ತಟ್ಟೆಯಿಂದ ತಲೆಯೆತ್ತದೆ. "ಅಜ್ಜಿ ಕೈ ನಡುಗುತ್ತೆ. ಕೆನ್ನೆ ಮೇಲೆ ಬೀಳುತ್ತೆ, ಒಂದೊಂದ್ಸಲ ಕಿವಿಗೆ. ನಾನು ಹಾಕ್ತೀನಿ ಅಂದ್ರೆ, ಸುಮ್ಮನಿರು, ಅಪ್ಪನಿಗೆ ಹೇಳ್ಬೇಡ ಅಂತಾಳೆ."

ಸೊಸೆ ಸೌಟನ್ನು ಪಾತ್ರೆಗೆ ಕುಕ್ಕಿದಳು. "ಅತ್ತೆಗೂ ಫೋನಲ್ಲೇ ರಿಪೇರಿ ಮಾಡಿದ್ರಾ? ಎದ್ದರೆ ಆರು ಹೆಜ್ಜೆ ಇಲ್ವಲ್ರೀ! ಕ್ಯಾಮೆರಾ ಹಿಡಿದು ಊರೆಲ್ಲ ನೋಡೋ ಕಣ್ಣಿಗೆ ಮನೆಯೊಳಗಿಂದು ಕಾಣ್ಲಿಲ್ವಾ?"

"ನೀನು ಅಲ್ಲಿ ಕೂತು ನೋಡು, ಗೊತ್ತಾಗುತ್ತೆ! ಒಂದು ಫೋನ್ ಬಿಟ್ರೆ ಅಲ್ಲಿ ನೂರು ಜನರ ಹಾಲು ಕೆಡುತ್ತೆ."

"ಕೆಟ್ಟರೆ ನಾಳೆ ಮತ್ತೆ ಕರೀತಾರೆ. ಇದನ್ನ ಯಾರು ಕರೆದು ಕೊಡ್ತಾರೆ?"

"ಸಾಕು," ಎಂದಳು ಮುದುಕಿ. "ಅವನನ್ನ ಯಾಕೆ ಅಂತೀಯ? ಸುಳ್ಳು ಹೇಳಿದವಳು ನಾನು. ದಿನವಿಡೀ ಅವನ ಕಿವಿಗೆ ಎಷ್ಟು ಜನ ಅಂಟ್ಕೊಂಡಿರ್ತಾರೆ. ನಾನೂ ಒಬ್ಬಳು ಆಗೋದು ಬೇಡ ಅನ್ನಿಸ್ತು. ಬೇಳೆ ಆರಿಹೋಗುತ್ತೆ, ತಿನ್ನಿ."

ಯಾರೂ ಸರಿಯಾಗಿ ತಿನ್ನಲಿಲ್ಲ.

ಮರುದಿನದಿಂದ ಸಂಜೆಯ ಹನಿ ಮೊಮ್ಮಗಳ ಪಾಲಿಗೆ ಬಂತು. ಮಗ ಒಂದು ಮಧ್ಯಾಹ್ನ ಕೂತು ಬಚ್ಚಲಿಗೆ ಹಿಡಿಕೆ ಕೂರಿಸಿದ. ಅದು ಕೊಂಚ ಸೊಟ್ಟಗಿತ್ತು. ಮುದುಕಿ ಹಿಡಿದು ಅಲ್ಲಾಡಿಸಿ, "ಗಟ್ಟಿಯಿದೆ, ನನಗೆ ಸೊಟ್ಟ ಎಲ್ಲಿ ಕಾಣುತ್ತೆ," ಎಂದು ನಕ್ಕಳು. ಅವನಿಗೆ ನಗು ಬರಲಿಲ್ಲ.

"ಅಮ್ಮಾ, ಡಾಕ್ಟರಮ್ಮ ಹೇಳಿದ್ರಲ್ಲ. ಏನು ನೋಡ್ಬೇಕು ನಿನಗೆ? ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗ್ತೀನಿ."

"ನನ್ನ ಮಂಡಿ ಎಲ್ಲಿಗೂ ಬರಲ್ಲ ಕಣೋ. ನೀನೇ ಒಂದು ಫೋಟೋ ತಂದುಕೊಡು. ಹಾಲಿನ ದಾರಿಲಿ ಹೊರೆಗಲ್ಲಿತ್ತಲ್ಲ, ಅದರದ್ದು."

ಎರಡು ಕಂಬದ ಮೇಲೆ ಒಂದು ಚಪ್ಪಡಿ, ಎದೆಯೆತ್ತರ. ತಲೆಹೊರೆ ಹೊತ್ತವರು ಇನ್ನೊಬ್ಬರ ಕೈ ಕಾಯದೆ ಇಳಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಗೇರಿಸಿಕೊಳ್ಳಲಿ ಎಂದು ಯಾರೋ ನಿಲ್ಲಿಸಿದ್ದು. ಗಂಡ ಬದುಕಿದ್ದ ಕಾಲದಿಂದಲೂ ಮುದುಕಿ ಹಳ್ಳಿಯ ಹಾಲನ್ನು ಪೇಟೆಗೆ ಹೊತ್ತವಳು. ಆಗ ಕೇಂದ್ರಗಳಿರಲಿಲ್ಲ, ಯಂತ್ರಗಳಿರಲಿಲ್ಲ. ತಲೆಯ ಮೇಲೆ ಕ್ಯಾನು, ಸೊಂಟದಲ್ಲಿ ಈ ಮಗ.

"ಅಲ್ಲೇ ನೀನು ಮೊದಲು ನಡೆದದ್ದು. ಕಂಬ ಹಿಡ್ಕೊಂಡು ನಿಂತಿದ್ದೆ. ಬೆನ್ನ ಹಿಂದೆ ಆಗ ತಾನೆ ಹೊತ್ತು ಮೂಡ್ತಿತ್ತು. ಮುಂದೆ ನಿನ್ನ ನೆರಳು ಇಷ್ಟುದ್ದ ಬಿದ್ದಿತ್ತು. ಅದನ್ನ ಹಿಡೀತೀನಿ ಅಂತ ಕಂಬ ಬಿಟ್ಟೆ ನೋಡು! ನೆರಳು ಸಿಗ್ಲಿಲ್ಲ, ಅಳ್ತಾ ಅಳ್ತಾ ನಡೆದೆ."

ಮಗನ ಮುಖ ಅರಳಿತು. "ಹಾಗಾದ್ರೆ ಬೆಳಗಿನ ಬೆಳಕೇ ಆಗ್ಬೇಕು. ಆ ನೆರಳು ಬರ್ಬೇಕಲ್ಲ."

"ನೆರಳು ನನಗೆ ನೆನಪಿದೆ. ಕಲ್ಲು ಒಂದು ಸಾಕು."

"ಅಲ್ಲಮ್ಮಾ, ತೆಗೆದ್ರೆ ಸರಿಯಾಗಿ ತೆಗೀಬೇಕು. ಇದು ನಿನಗೆ ನನ್ನ ಬಾಕಿ ಅಂತಿಟ್ಕೊ."

"ಬಾಕಿ ಬೆಳೆಸ್ಬೇಡ ಮತ್ತೆ," ಎಂದಳು ಮುದುಕಿ.

ಅವನು ಮ್ಯಾನೇಜರಿಗೆ ಫೋನು ಮಾಡಿ ಒಂದು ಬೆಳಗಿನ ರಜೆ ಕೇಳಿದ. "ಈ ವಾರ ಬೇಡ, ಬರೋ ವಾರ ನೋಡೋಣ," ಎಂದರು. ಬರೋ ವಾರ ಹೊಸ ಸಾಫ್ಟ್‌ವೇರ್ ಬಂತು; ಒಂದು ಕೇಂದ್ರ ಎದ್ದರೆ ಇನ್ನೊಂದು ಮಲಗುತ್ತಿತ್ತು. ಅದರ ಮುಂದಿನ ವಾರ ಮ್ಯಾನೇಜರೇ ರಜೆಯಲ್ಲಿದ್ದರು.

ತಡೆಯಲಾರದೆ ಒಂದು ಮಧ್ಯಾಹ್ನ ಅವನು ಕ್ಯಾಮೆರಾ ಹಾಕಿಕೊಂಡು ಆ ದಾರಿಯಲ್ಲಿ ನಡೆದೇ ಹೋದ. ಹೊರೆಗಲ್ಲು ಇತ್ತು. ಚಪ್ಪಡಿಯ ಅಂಚು ಜನರ ಕೈ ಸವರಿ ನುಣುಪಾಗಿತ್ತು. ಹಿಂದೆ ಮರಗಳ ಸಾಲು. ಸೂರ್ಯ ನೆತ್ತಿಯ ಮೇಲಿದ್ದ. ನೆರಳು ಕಲ್ಲಿನ ಬುಡದಲ್ಲೇ ಮುದುರಿಕೊಂಡಿತ್ತು. ಕ್ಯಾಮೆರಾ ಕಣ್ಣಿಗಿಟ್ಟು ನೋಡಿದ. ನಾಲ್ಕು ಕಡೆಯಿಂದ ನೋಡಿದ. ಬೇಡ ಅನ್ನಿಸಿತು. ಮುಚ್ಚಳ ಹಾಕಿ ವಾಪಸಾದ.

"ಫೋಟೋ ತಂದ್ಯಾ?" ಎಂದಳು ಮುದುಕಿ, ಅವನ ಚಪ್ಪಲಿಯ ಸದ್ದಿಗೆ.

"ಇಲ್ಲಮ್ಮ. ಕಲ್ಲು ಚೆನ್ನಾಗಿದೆ, ಹಾಗೇ ನಿಂತಿದೆ. ಬೆಳಕು ಸರಿ ಇರ್ಲಿಲ್ಲ."

ಸೊಸೆಗೆ ಅದು ರಾತ್ರಿ ಗೊತ್ತಾಯಿತು. "ಅಲ್ಲಿವರೆಗೂ ಹೋಗಿ ತೆಗೀದೆ ಬಂದ್ರಾ? ಅವರು ಕೇಳಿದ್ದು ಒಂದು ಕಲ್ಲು ಕಣ್ರೀ! ನೀವೇನು ಬಹುಮಾನಕ್ಕೆ ಕಳಿಸ್ತೀರಾ?"

"ನಿನಗೆ ಅರ್ಥ ಆಗಲ್ಲ. ಅವಳಿಗೆ ಕಾಣೋದೇ ಇಷ್ಟು. ಆ ಇಷ್ಟರಲ್ಲಿ ಸತ್ತ ಫೋಟೋ ತೋರಿಸ್ಲಾ?"

"ಸತ್ತದ್ದೇ ತೋರಿಸಿ. ಕಣ್ಣು ಸಾಯೋ ಮೊದಲು ತೋರಿಸಿ."

ಮಾತು ಮೀರಿತು ಅನ್ನಿಸಿ ಸೊಸೆ ಒಳಗೆ ಹೋಗಿ ಹಿಟ್ಟು ನಾದತೊಡಗಿದಳು. ಆ ನಾದುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಚಳಿ ಇಳಿದು ಗಾಳಿ ಬೆಚ್ಚಗಾಯಿತು. ಮುದುಕಿ ಕಾಳು ಆರಿಸುವುದರಲ್ಲಿ ವ್ಯತ್ಯಾಸವಾಗಲಿಲ್ಲ, ಬೆರಳು ಮೊದಲೇ ಕಲಿತಿತ್ತು. ಆದರೆ ಒಂದು ಬೆಳಿಗ್ಗೆ ಅವಳು ಚಹಾದ ಲೋಟವನ್ನು ಮೇಜಿನ ಅಂಚಿನಾಚೆ ಇಟ್ಟಳು. ಲೋಟ ಬಿದ್ದು ಚೂರಾಯಿತು. ಅದನ್ನು ಬಳಿಯುತ್ತ ಸೊಸೆ ಅತ್ತೆಯ ಮುಖದ ಮುಂದೆ ಸುಮ್ಮನೆ ಕೈಯಾಡಿಸಿ ನೋಡಿದಳು. ಆಮೇಲೆ ಗಂಡನ ಕಡೆ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು.

ಮರುದಿನ ನಸುಕಿನಲ್ಲಿ ಅವನು ಫೋನು ಬಂದ್ ಮಾಡಿ, ಮೇಜಿನ ಮೇಲೆ ಲ್ಯಾಪ್‌ಟಾಪಿನ ಪಕ್ಕ ಇಟ್ಟು, ಯಾರನ್ನೂ ಎಬ್ಬಿಸದೆ ಹೊರಟ. ತುಂಬ ದಿನದ ಮೇಲೆ ಕಾಲು ಆ ಹೊತ್ತಿನ ನೆಲ ಮುಟ್ಟಿತ್ತು. ಕಾಲುವೆಯ ನೀರಿನ ಮೇಲೆ ಹಬೆಯಾಡುತ್ತಿತ್ತು. ಎದುರಿಗೆ ಸೈಕಲ್ಲಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಒಬ್ಬ, ಆಮೇಲೆ ಇನ್ನೊಬ್ಬ ಹೋದರು. ಅವರು ಹೋಗುವ ಕೇಂದ್ರ ಈಗ ತೆರೆದಿರುತ್ತದೆ ಎಂದುಕೊಂಡ. ಹಿಂದೆ ತಿರುಗಲಿಲ್ಲ.

ತಿರುವಿನಲ್ಲಿ ಜಲ್ಲಿಯ ರಾಶಿ ಕಂಡಿತು. ದಾರಿ ಅಗಲ ಮಾಡುತ್ತಿದ್ದರು. ಮರಗಳ ಸಾಲಿನಲ್ಲಿ ಅರ್ಧದಷ್ಟು ಕಡಿದ ಬೊಡ್ಡೆಗಳು. ಹೊರೆಗಲ್ಲಿನ ಒಂದು ಕಂಬ ಮುರಿದು, ಚಪ್ಪಡಿ ಹೊಲದ ಕಡೆಗೆ ಮಗುಚಿ ಬಿದ್ದಿತ್ತು. ಬುಡದ ಮಣ್ಣು ಇನ್ನೂ ಹಸಿ. ಅವನು ಅಲ್ಲೇ ನಿಂತ. ಬೆನ್ನಿಗೆ ಸೂರ್ಯ ಎದ್ದ. ಬೆಳಕು ಅವನು ಬಯಸಿದಂತೆಯೇ ಬಂತು, ಜೇನಿನ ಬಣ್ಣದ್ದು, ಚಪ್ಪಡಿಯ ಪ್ರತಿ ಗೀರೂ ಕಾಣುವಂಥದ್ದು. ಅವನ ನೆರಳು ಉದ್ದಕ್ಕೆ ಹೋಗಿ ಬಿದ್ದ ಕಲ್ಲಿನ ಮೇಲೆ ಮಲಗಿತು. ಕೈ ತಾನಾಗಿ ಕ್ಯಾಮೆರಾ ಎತ್ತಿತು.

ಮನೆಗೆ ಬಂದಾಗ ಫೋನು ಆನ್ ಆಗಿತ್ತು, ಮಗಳು ಮಾಡಿದ್ದಳು.

"ಅಪ್ಪಾ, ಎಲ್ಲಾ ಕೇಂದ್ರ ಒಟ್ಟಿಗೆ ನಿಂತುಹೋಗಿತ್ತಂತೆ. ನೆಗಡಿಯಣ್ಣ ಅಳೋ ಹಾಗೆ ಮಾಡ್ತಿದ್ರು. ಜನ ಹಾಲು ವಾಪಸ್ ತಗೊಂಡು ಹೋದ್ರಂತೆ. ಮ್ಯಾನೇಜರೂ ಫೋನ್ ಮಾಡಿದ್ರು."

"ಏನಂದ್ರು?"

"ನಾಳೆ ಆಫೀಸಿಗೆ ಬರ್ಬೇಕಂತೆ. ಲ್ಯಾಪ್‌ಟಾಪು, ಚಾರ್ಜರು ತಗೊಂಡು."

ಸೊಸೆ ಶೆಡ್ಡಿಗೆ ಹೋಗದೆ ಬಾಗಿಲಲ್ಲೇ ನಿಂತಿದ್ದಳು. "ಚಾರ್ಜರೂನಾ?" ಎಂದಳು. ಒಳಗೆ ಹೋಗಿ ಅವನಿಗೆ ಚಹಾ ಕಾಸಿದಳು.

ಸಂಜೆ ಮಗಳು ಕ್ಯಾಮೆರಾದ ವಯರನ್ನು ಟಿವಿಗೆ ಸಿಕ್ಕಿಸಿದಳು. ಪರದೆಯ ತುಂಬ ಬೆಳಕು ಬಂತು. ಮುದುಕಿಯ ಕುರ್ಚಿಯನ್ನು ಟಿವಿಗೆ ತಾಗುವಷ್ಟು ಹತ್ತಿರ ಎಳೆದರು. ಅವಳು ತಲೆಯನ್ನು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. ಕೈ ಚಾಚಿ ಗಾಜನ್ನು ಸವರಿದಳು.

"ಬೆಳ್ಳಗಿದೆ," ಎಂದಳು. "ಒಲೆ ಮುಂದೆ ಕೂತ ಹಾಗಿದೆ. ಅಷ್ಟೇ ಕಣೋ."

ಮೊಮ್ಮಗಳು ಮೂಗು ಒರೆಸಿಕೊಂಡಳು.

"ಹೋಗ್ಲಿ ಬಿಡು," ಎಂದಳು ಮುದುಕಿ ಮಗನಿಗೆ. "ನೀನು ಹೇಳು. ಹೇಳ್ಸೋದ್ರಲ್ಲಿ ನೀನು ನಿಸ್ಸೀಮ ಅಲ್ವಾ? ಎಡಗಡೆ ಮೇಲಿನ ಮೂಲೆಯಿಂದ ಶುರು ಮಾಡು. ಏನೇನಿದೆ, ಒಂದೊಂದಾಗಿ."

ಅವನು ಟಿವಿಯ ಪಕ್ಕ ನಿಂತ. "ಎಡಗಡೆ... ಆಕಾಶ. ಕೆಳಗೆ ಕೆಂಪು, ಮೇಲೆ ತಿಳಿನೀಲಿ. ಮೋಡ ಇಲ್ಲ."

"ಹಾಂ."

"ಅದರ ಕೆಳಗೆ ಮರ. ಎಲೆ ಮೇಲೆ ಬೆಳಕು ಬಿದ್ದಿದೆ."

"ಸಾಲು ಪೂರ್ತಿ ಇದೆಯಾ?"

"ಕೆಲವು ಇವೆ."

"ಸರಿ. ಮುಂದೆ?"

"ನಡುವೆ ನೆಲ. ಇಬ್ಬನಿ ಇದೆ. ಅದರ ಮೇಲೆ ಒಂದು ನೆರಳು, ಉದ್ದಕ್ಕೆ. ನನ್ನದು."

ಮುದುಕಿಯ ತುಟಿ ನಕ್ಕಂತಾಯಿತು. "ಈಗಲಾದ್ರೂ ಸಿಕ್ತಾ ಅದು? ಕಲ್ಲು? ಕಲ್ಲು ನಿಂತಿದೆಯಾ?"

"ನಿಂತಿದೆ."

ಮುದುಕಿ ಗಾಜಿನ ಮೇಲಿನ ಕೈ ತೆಗೆದು ಮಡಿಲಿಗಿಟ್ಟುಕೊಂಡಳು. "ಬೇಗ ಹೇಳ್ಬಿಟ್ಟೆ ಮಗಾ," ಎಂದಳು.

ಅವನು ಹೆಂಡತಿಯ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು.

"ಬಿದ್ದಿದೆ ಅಮ್ಮ. ದಾರಿ ಅಗಲ ಮಾಡ್ತಿದ್ದಾರೆ. ಒಂದು ಕಂಬ ಮುರಿದಿದೆ. ಅವತ್ತು ಮಧ್ಯಾಹ್ನ ಹೋದಾಗ ನಿಂತಿತ್ತು. ಅವತ್ತೇ..."

"ಯಾವ ಕಡೆಗೆ ಬಿದ್ದಿದೆ?"

"ಹೊಲದ ಕಡೆಗೆ."

"ಹಾಗಾದ್ರೆ ನಡೆಯೋರಿಗೆ ಅಡ್ಡ ಇಲ್ಲ ಬಿಡು," ಎಂದಳು ಮುದುಕಿ. ಸ್ವಲ್ಪ ಹೊತ್ತು ಪರದೆಯ ಬಿಸಿಗೆ ಮುಖ ಒಡ್ಡಿ ಕೂತಿದ್ದು, "ಆರಿಸು ಅದನ್ನ. ಸುಮ್ಮನೆ ಕರೆಂಟು," ಎಂದಳು. ಬಾಕಿ ತೀರಿತು ಎಂದು ಅವಳು ಹೇಳಲಿಲ್ಲ. ಅವನೂ ಕೇಳಲಿಲ್ಲ.

ಮೊಮ್ಮಗಳು ಔಷಧಿಯ ಸೀಸೆ ತಂದಳು. ನೋವು ಬರದಿರಲಿ ಎಂದಾದರೂ ಅದನ್ನು ಹಾಕುತ್ತಲೇ ಇರಬೇಕಿತ್ತು. ಮಗ ಕೈ ಚಾಚಿ ಸೀಸೆ ತೆಗೆದುಕೊಂಡ. ಮೇಜಿನ ಮೇಲೆ ಫೋನು ಹೊಡೆದುಕೊಳ್ಳತೊಡಗಿತು. ನಾಳೆಯವರೆಗೆ ಆ ಕೆಲಸ ಇನ್ನೂ ಅವನದೇ ಆಗಿತ್ತು.

"ನೆಗಡಿಯಣ್ಣ ಇರ್ಬೇಕು. ಎತ್ಕೋ," ಎಂದಳು ಮುದುಕಿ.

ಅವನು ಎತ್ತಿಕೊಳ್ಳಲಿಲ್ಲ. ತಾಯಿಯ ತಲೆಯನ್ನು ಹಿಂದಕ್ಕೆ ಬಾಗಿಸಿ, ರೆಪ್ಪೆ ಎಳೆದು, ಸೀಸೆ ಒತ್ತಿದ.

"ಬಿತ್ತಾ ಅಮ್ಮಾ?" ಎಂದ, ರೂಢಿಯಂತೆ.

"ನೀನೇ ನೋಡಿ ಹೇಳು," ಎಂದಳು ಅವಳು.

ಅವನು ಬಗ್ಗಿ ನೋಡಿದ. ಫೋನು ಹೊಡೆದುಕೊಂಡು ನಿಂತು, ಮತ್ತೆ ಹೊಡೆದುಕೊಳ್ಳತೊಡಗಿತು.